ಮೊದಲು ಮಾತು ಕೇಳಿಸಲಿ: ಥಿಯೇಟರಿನಲ್ಲಿ, ಪಡಸಾಲೆಯಲ್ಲಿ, ಮಾಳಿಗೆಯ ಮೇಲೆ ಸಿನಿಮಾ ನೋಡುವ ಬಗೆ

ನಮ್ಮ ಮನೆಯಲ್ಲಿ ಸಿನಿಮಾ ಹಚ್ಚಿದರೆ ರಿಮೋಟ್ ಹಿಡಿದು ಕೂರಲೆಂದೇ ಒಬ್ಬರು ಬೇಕಾಗುತ್ತಿತ್ತು. ನಾಯಕಿ ಬಾಗಿಲ ಮರೆಯಲ್ಲಿ ನಿಂತು ಏನೋ ಪಿಸುಗುಡುತ್ತಾಳೆ. "ಏನಂದಳು?" ಎಂದು ಆಯಿ ಕೇಳುತ್ತಾಳೆ. ವಾಲ್ಯೂಮ್ 20ರಿಂದ 35ಕ್ಕೆ ಏರುತ್ತದೆ. ಅಷ್ಟರಲ್ಲಿ ಹೊಡೆದಾಟ ಶುರುವಾಗಿ ಶೋಕೇಸಿನ ಗಾಜು ನಡುಗುತ್ತದೆ, ಒಳಕೋಣೆಯ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳುತ್ತದೆ, ವಾಲ್ಯೂಮ್ ಮತ್ತೆ 20ಕ್ಕೆ ಇಳಿಯುತ್ತದೆ. ಒಂದು ಭಾನುವಾರ ಕುತೂಹಲಕ್ಕೆ ಎಣಿಸಿದೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ವಾಲ್ಯೂಮನ್ನು 41 ಸಲ ಏರಿಸಿ ಇಳಿಸಿದ್ದೆವು. ಟಿವಿ ಮಾತ್ರ ಹೊಚ್ಚ ಹೊಸದು, 55 ಇಂಚಿನದು.

ನಾನು ಟಿವಿ ರಿಪೇರಿಯವನಲ್ಲ. ಆದರೆ ಆ ಭಾನುವಾರದ ನಂತರ ವಿಜಯಪುರದ ನಮ್ಮ ಮನೆಯಲ್ಲಿ, ಬಾಗಲಕೋಟೆ ನವನಗರದ ತಂಗಿಯ ಮನೆಯಲ್ಲಿ, ಬೆಳಗಾವಿಯ ಕಾಕಾನ ಮನೆಯಲ್ಲಿ ಮೆನು ಕೆದಕಿ, ಕೌದಿ ಕಟ್ಟಿ, ಜಮಖಾನೆ ಎಳೆದಾಡಿ ಕಲಿತದ್ದು ಸಾಕಷ್ಟಿದೆ. ನಾವು ಟಿವಿ ಕೊಳ್ಳುವಾಗ ಮೊದಲು ಇಂಚು ಕೇಳುತ್ತೇವೆ, ಆಮೇಲೆ ಚಿತ್ರದ ಹೊಳಪು ನೋಡುತ್ತೇವೆ, ಕೋಣೆಯ ಬೆಳಕಿನ ಯೋಚನೆ ಮಾಡುವುದೇ ಇಲ್ಲ, ಧ್ವನಿಯ ನೆನಪಾಗುವುದು ಮನೆಗೆ ತಂದ ಮೇಲೆ. ಈ ಪಟ್ಟಿಯನ್ನು ತಲೆಕೆಳಗು ಮಾಡಬೇಕು ಎನ್ನುವುದು ನನ್ನ ವಾದ. ಮೊದಲು ಧ್ವನಿ, ನಂತರ ಕತ್ತಲೆ, ನಂತರ ಚಿತ್ರದ ಹೊಂದಾಣಿಕೆ. ಇಂಚು ಕಡೆಗೆ. ಮೊದಲ ಮೂರಕ್ಕೆ ಬಹುತೇಕ ಖರ್ಚೂ ಇಲ್ಲ.

ಥಿಯೇಟರಿಗೆ ಹೋಗುವುದಾದರೆ

ಮೊದಲು ಯಾವ ಆಟಕ್ಕೆ ಹೋಗಬೇಕೆಂದು ತೀರ್ಮಾನಿಸಿ. ದೊಡ್ಡ ನಾಯಕನ ಸಿನಿಮಾದ ಮೊದಲ ದಿನದ ಮೊದಲ ಆಟಕ್ಕೆ ಹೋಗುವವರು ಸಿನಿಮಾಕ್ಕಿಂತ ಹೆಚ್ಚಾಗಿ ಜನರನ್ನು ನೋಡಲು ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಸೀಮೆ ನಮ್ಮದು. ಅಲ್ಲಿ ಹಾಡು ಹಿಡಿಸಿದರೆ "ವನ್ಸ್ ಮೋರ್" ಎಂದು ಕೂಗುವುದು ಪ್ರೇಕ್ಷಕನ ಹಕ್ಕು, ಮತ್ತೊಮ್ಮೆ ಹಾಡುವುದು ನಟನ ಧರ್ಮ. ಪರದೆಯ ಮೇಲಿನ ನಾಯಕ ಮತ್ತೊಮ್ಮೆ ಹಾಡುವುದಿಲ್ಲ ಎಂಬುದು ಗೊತ್ತಿದ್ದೂ ಸಿಳ್ಳೆ ಹೊಡೆಯುವ ಕೈಬಾಯಿಗಳು ಆ ರೂಢಿಯಿಂದಲೇ ಬಂದಿವೆ. ಸಿಳ್ಳೆ ಬೇಕೆನ್ನುವವರು ಶುಕ್ರವಾರ ಹೋಗಲಿ. ಮಾತು ಕೇಳಬೇಕೆನ್ನುವವರಿಗೆ ಸೋಮವಾರ, ಮಂಗಳವಾರದ ಮ್ಯಾಟಿನಿ ಒಳ್ಳೆಯದು. ಮುಂದಿನ ವಾರಕ್ಕೆ ಮಾತ್ರ ತಳ್ಳಬೇಡಿ. ಸಣ್ಣ ಸಿನಿಮಾಗಳನ್ನು ನಮ್ಮ ಕಡೆಯ ಥಿಯೇಟರುಗಳು ಶುಕ್ರವಾರ ಬಂದೊಡನೆ ಬದಲಿಸಿಬಿಡುತ್ತವೆ. ಬೆರಳೆಣಿಕೆಯ ಜನ ಬಂದಿದ್ದಾರೆಂದು ಆಟವನ್ನೇ ರದ್ದು ಮಾಡಿ ಹಣ ಮರಳಿಸಿದ ಅನುಭವವೂ ನನಗಿದೆ. ಹಳ್ಳಿಯಿಂದ ಬಸ್ ಹತ್ತಿ ಬರುವವರು ಹೊರಡುವ ಮುಂಚೆ ಥಿಯೇಟರಿಗೆ ಫೋನ್ ಮಾಡಿ ಕೇಳುವುದು ಲೇಸು.

ಟಿಕೆಟ್ ತೆಗೆಯುವಾಗ ಎರಡು ಸಂಗತಿ ನೋಡಿ. ಒಂದು ಭಾಷೆ. ಈಗ ಒಂದೇ ಸಿನಿಮಾ ಕನ್ನಡ, ತೆಲುಗು, ಹಿಂದಿ, ತಮಿಳು ಎಂದು ಏಕಕಾಲಕ್ಕೆ ಬರುತ್ತದೆ. ಬೆಳಗಾವಿಯಲ್ಲಾದರೆ ಪಕ್ಕದ ಪರದೆಯಲ್ಲಿ ಮರಾಠಿಯೂ ಓಡುತ್ತಿರುತ್ತದೆ. ಅವಸರದಲ್ಲಿ ಬುಕ್ ಮಾಡಿ, ಒಳಗೆ ಹೋದ ಮೇಲೆ ನಾಯಕ ಬೇರೆ ಭಾಷೆಯಲ್ಲಿ ಬಾಯಿ ತೆರೆದಾಗ ಮುಖ ಮುಖ ನೋಡಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. ಇನ್ನೊಂದು ಸೆನ್ಸಾರ್ ಪ್ರಮಾಣಪತ್ರ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾದ ನಂತರ ಹಳೆಯ 'ಯುಎ' (ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ) ದರ್ಜೆ 7+, 13+, 16+ ಎಂದು ಮೂರಾಗಿ ಒಡೆದಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಈ ಅಂಕಿ ನಿಜಕ್ಕೂ ಉಪಯೋಗದ್ದು. ಪೋಸ್ಟರಿನಲ್ಲಿ ನಾಯಕ ನಗುತ್ತಿದ್ದಾನೆಂದು ನಂಬಿ ಎಂಟು ವರ್ಷದ ಮಗನನ್ನು ರಕ್ತದೋಕುಳಿಯ ಮುಂದೆ ಕೂರಿಸಬೇಡಿ.

ಇನ್ನು ಕುರ್ಚಿ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಟಿಕೆಟಿನ ದರಕ್ಕೂ ಒಳ್ಳೆಯ ಜಾಗಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ಪರದೆಯಿಂದ ಹಿಂಗೋಡೆಯವರೆಗಿನ ಉದ್ದವನ್ನು ಮೂರು ಪಾಲು ಮಾಡಿದರೆ, ಎರಡು ಪಾಲು ಮುಗಿಯುವಲ್ಲಿ, ನಟ್ಟನಡುವೆ ಇರುವ ಕುರ್ಚಿಗಳೇ ಸಾಮಾನ್ಯವಾಗಿ ಉತ್ತಮ. ಧ್ವನಿಯನ್ನು ಹೊಂದಿಸುವವರು ಅಲ್ಲಿ ಕುಳಿತೇ ಕೇಳಿ ಹೊಂದಿಸಿರುತ್ತಾರೆ. ಮಲ್ಟಿಪ್ಲೆಕ್ಸಿನಲ್ಲಿ ಈ ಲೆಕ್ಕ ಸಲೀಸು. ಹಳೆಯ ಒಂಟಿ ಪರದೆಯ ಥಿಯೇಟರಿನಲ್ಲಿ ಬಾಲ್ಕನಿ ಎಂಬ ತೊಡಕಿದೆ. ಕೆಳಗಡೆ ಕುಳಿತು ತಲೆ ಎತ್ತಿ ನೋಡಿ: ಮೇಲೆ ಬಾಲ್ಕನಿಯ ತಳ ಕಾಣುತ್ತದೆಯೋ, ಮುಖ್ಯ ಸೂರು ಕಾಣುತ್ತದೆಯೋ? ತಳ ಕಂಡರೆ ನೀವು ಗವಿಯೊಳಗೆ ಕುಳಿತಿದ್ದೀರಿ. ಅಲ್ಲಿಗೆ ಧ್ವನಿ ಮಂಕಾಗಿ ಬರುತ್ತದೆ, ಸುತ್ತಲಿನ ಗೋಡೆಯ ಸ್ಪೀಕರುಗಳ ಸದ್ದು ಅರ್ಧ ತಲುಪುವುದಿಲ್ಲ. ಎರಡು ಸಾಲು ಮುಂದಕ್ಕೆ ಹೋಗಿ, ಬಾಲ್ಕನಿಯ ನೆರಳು ಮುಗಿಯುವಲ್ಲಿ ಕೂತರೆ ಕಡಿಮೆ ದುಡ್ಡಿನಲ್ಲಿ ಥಿಯೇಟರಿನ ಒಳ್ಳೆಯ ಜಾಗ ಸಿಕ್ಕಂತೆ. ಬಾಲ್ಕನಿಯೇ ಬೇಕೆಂದರೆ ಮೊದಲ ಸಾಲು ಬಿಡಿ, ಕೆಲವೆಡೆ ಕಟಾಂಜನದ ಸರಳು ಪರದೆಯ ಕೆಳ ಅಂಚನ್ನು ನುಂಗುತ್ತದೆ. ಎರಡನೆಯ ಅಥವಾ ಮೂರನೆಯ ಸಾಲು ಹಿಡಿಯಿರಿ. ಗೋಡೆಗೆ ಹತ್ತಿದ ಕುರ್ಚಿ ಎಲ್ಲಿಯೂ ಬೇಡ. ತಲೆಯ ಪಕ್ಕದ ಸ್ಪೀಕರ್ ಒಂದೇ ಕಿವಿಯಲ್ಲಿ ಮಳೆ ಸುರಿಸುತ್ತದೆ.

ಮಧ್ಯಂತರದಲ್ಲಿ ಎಲ್ಲರೂ ಗಿರ್ಮಿಟ್ಟಿಗೆ ಓಡಿದಾಗ ಒಮ್ಮೆ ಪರದೆಯ ಹತ್ತಿರ ಹೋಗಿ ನೋಡಿ. ಬಟ್ಟೆಯಂತೆ ಕಾಣುವ ಅದರ ತುಂಬ ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ. ಹಿಂದೆ ನಿಂತ ನಡುವಿನ ಸ್ಪೀಕರಿನಿಂದ ಮಾತು ಈ ತೂತುಗಳ ಮೂಲಕವೇ ಹೊರಬರುತ್ತದೆ, ನಟನ ಬಾಯಿಂದಲೇ ಬಂದಂತೆ ಕೇಳಿಸುತ್ತದೆ. ಸಂಗೀತ, ಗುಡುಗು, ವಾಹನದ ಸದ್ದು ಅಕ್ಕಪಕ್ಕದವು. ಮಾತಿಗೆ ಮಾತ್ರ ನಡುವೆ ಪ್ರತ್ಯೇಕ ಜಾಗ. ಇದನ್ನು ನೆನಪಿಟ್ಟುಕೊಳ್ಳಿ, ಮನೆಯ ಟಿವಿಯ ತಂಟೆ ಅರ್ಥವಾಗುವುದು ಇದರಿಂದಲೇ.

ಚಿತ್ರ ಮಸುಕಾಗಿದ್ದರೆ, ಮಾತು ಕ್ಷೀಣವಾಗಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ ಬಾಗಿಲಲ್ಲಿರುವವರಿಗೆ ಹೇಳಿ. ರೀಲಿನ ಕಾಲದಲ್ಲಿ ಮೇಲೆ ಕ್ಯಾಬಿನ್ನಿನಲ್ಲಿ ಆಪರೇಟರ್ ನಿಂತೇ ಇರುತ್ತಿದ್ದ, ಕೆಳಗಿನಿಂದ "ಫೋಕಸ್!" ಎಂದು ಕೂಗಿದರೆ ಸರಿಹೋಗುತ್ತಿತ್ತು. ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬರುತ್ತದೆ, ಗುಂಡಿ ಒತ್ತಿದರೆ ತಾನಾಗಿ ಓಡುತ್ತದೆ. ಕೂಗಿದರೆ ಕೇಳಲು ಅಲ್ಲಿ ಯಾರೂ ಇಲ್ಲದಿರಬಹುದು. ಧ್ವನಿ ಕಡಿಮೆಯಿರುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಥಿಯೇಟರಿನ ಧ್ವನಿಯನ್ನು ಏರಿಸಿ ಇಳಿಸುವ ಡಾಲ್ಬಿ ಪ್ರೊಸೆಸರ್ ಎಂಬ ಯಂತ್ರದಲ್ಲಿ 7 ಎಂಬ ಅಂಕಿ ಪ್ರಮಾಣ. ಜಾಹೀರಾತು, ಟ್ರೇಲರುಗಳ ಅಬ್ಬರ ತಾಳದೆ ಯಾರಾದರೂ ದೂರಿದರೆ ಅದನ್ನು 4ಕ್ಕೋ 5ಕ್ಕೋ ಇಳಿಸುತ್ತಾರೆ, ಸಿನಿಮಾ ಶುರುವಾದ ಮೇಲೆ ಏರಿಸುವುದನ್ನು ಮರೆಯುತ್ತಾರೆ. "ಅಣ್ಣಾ, ಮಾತು ಕೇಳಿಸುತ್ತಿಲ್ಲ, ಸ್ವಲ್ಪ ನೋಡಿ" ಎಂದರೆ ಹತ್ತರಲ್ಲಿ ಎಂಟು ಸಲ ಕೆಲಸವಾಗುತ್ತದೆ. ಮಧ್ಯಂತರದ ನಂತರ ಜಗಳಕ್ಕೆ ನಿಂತರೆ ಆಗುವುದಿಲ್ಲ.

ಉಳಿದ ಸಣ್ಣಪುಟ್ಟದ್ದು: ಹೊರಗಿನ ತಿಂಡಿ ತರಬಾರದೆಂದು ಹೇಳುವ ಅಧಿಕಾರ ಥಿಯೇಟರಿನವರಿಗಿದೆ, ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಕೂಸಿಗೆಂದು ತಂದ ಆಹಾರವನ್ನು ತಡೆಯುವಂತಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ಪರದೆಯನ್ನು ಮೊಬೈಲಿನಲ್ಲಿ ಸೆರೆಹಿಡಿದು ಸ್ಟೇಟಸ್ಸಿಗೆ ಹಾಕುವ ಹುಡುಗರಿಗೆ ಮನೆಯಲ್ಲೇ ಹೇಳಿ ಕಳಿಸಿ: ಥಿಯೇಟರಿನಲ್ಲಿ ಅನುಮತಿಯಿಲ್ಲದೆ ಸಿನಿಮಾ ಚಿತ್ರೀಕರಿಸುವುದಕ್ಕೆ ಅದೇ 2023ರ ತಿದ್ದುಪಡಿಯ ಪ್ರಕಾರ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ, ದಂಡ 3 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲ.

ಪಡಸಾಲೆಯಲ್ಲಿ: ಧ್ವನಿ

ಥಿಯೇಟರಿನ ನಡು ಸ್ಪೀಕರಿನ ಮಾತು ಹೇಳಿದೆನಲ್ಲ. ಟಿವಿಯಲ್ಲಿ ಅದಿಲ್ಲ. ತೆಳ್ಳಗಿನ ಈಗಿನ ಟಿವಿಗಳಲ್ಲಿ ಇರುವುದು ಸಾಮಾನ್ಯವಾಗಿ ಎರಡು ಪುಟ್ಟ ಸ್ಪೀಕರು, ಅವೂ ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತವೆ. ಆರು ದಾರಿಗಳಲ್ಲಿ ಹರಿಯಬೇಕಾದ ಧ್ವನಿಯನ್ನು ಎರಡರಲ್ಲಿ ತುರುಕಿದಾಗ ಮಾತು ಸಂಗೀತದ ಕಾಲಡಿ ಸಿಕ್ಕುತ್ತದೆ. ಆಯಿಗೆ ಕೇಳಿಸದಿರುವುದು ಬರೀ ಆಯಿಯ ಕಿವಿಯ ದೋಷವಲ್ಲ.

ಮೊದಲ ಹೆಜ್ಜೆ: ಸಿನಿಮಾ ಓಡುತ್ತಿರುವಾಗ ಆಪ್‌ನಲ್ಲಿ ಧ್ವನಿ ಮತ್ತು ಸಬ್‌ಟೈಟಲಿನ ಗುರುತು ಒತ್ತಿ. ಅಲ್ಲಿ ಭಾಷೆಯ ಮುಂದೆ '5.1' (ಆ ಆರು ದಾರಿಯ ಧ್ವನಿ) ಎಂದಿರುವುದೂ, ಏನೂ ಇಲ್ಲದ್ದೂ ಬೇರೆ ಬೇರೆ ಇದ್ದರೆ, ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳುವವರು 5.1 ಬಿಟ್ಟು ಇನ್ನೊಂದನ್ನು ಆರಿಸಿ. ಎಷ್ಟೋ ಸಲ ಇಷ್ಟಕ್ಕೇ ಮಾತು ತಿಳಿಯಾಗುತ್ತದೆ. ಎರಡನೆಯದು: ಟಿವಿಯ ಸೌಂಡ್ ಮೆನುವಿನಲ್ಲಿ ಕ್ಲಿಯರ್ ವಾಯ್ಸ್, ಡೈಲಾಗ್ ಅಥವಾ ಸ್ಪೀಚ್ ಎಂಬ ಅರ್ಥದ ಆಯ್ಕೆ ಹುಡುಕಿ ಹಚ್ಚಿ. ರಾತ್ರಿ ಹೊತ್ತು ನೈಟ್ ಮೋಡ್ ಇದ್ದರೆ ಅದೂ ಒಳ್ಳೆಯದು, ಗದ್ದಲವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. 'ಸರೌಂಡ್' ಎಂದು ಬರೆದಿರುವುದನ್ನು ಬಂದ್ ಮಾಡಿಬಿಡಿ. ಎರಡು ಸ್ಪೀಕರಿನಲ್ಲಿ ಅದು ಮಾಡುವುದು ಕಲಬೆರಕೆಯನ್ನಷ್ಟೇ.

ಮೂರನೆಯದು ಹಿರಿಯರಿರುವ ಮನೆಗಳಿಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಸ, ಶ, ತ, ಪ ಮೊದಲಾದ ಅಕ್ಷರಗಳ ಅಂಚು ಮಾಸಿ, ಮಾತು ಕೇಳಿಸಿದರೂ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಗುಂಯ್‌ಗುಡುವುದೂ ಜೊತೆಗೇ ಏರುತ್ತದೆ. ಅದರ ಬದಲು ಬಾಸ್ ಇಳಿಸಿ, ಟ್ರೆಬಲ್ ಎರಡು ಮೂರು ಅಂಕಿ ಏರಿಸಿ. ಆಯಿಯ ಮಟ್ಟಿಗೆ ಇದೊಂದರಿಂದಲೇ "ಏನಂದಳು?" ಅರ್ಧಕ್ಕೆ ಇಳಿಯಿತು.

ಉಳಿದರ್ಧವನ್ನು ಇಳಿಸಿದ್ದು ಕೌದಿ. ಗೋಳಗುಮ್ಮಟದ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗದ್ದಲವಿಲ್ಲದ ಹೊತ್ತಿನಲ್ಲಿ ನಿಂತು ಗೋಡೆಗೆ ಕಿವಿ ಆನಿಸಿದರೆ ಆ ಬದಿಯ ಪಿಸುಮಾತು ಈ ಬದಿಗೆ ಬರುತ್ತದೆ. ಆದರೆ ಶಾಲಾ ಪ್ರವಾಸದ ಮಕ್ಕಳು ಮೇಲೆ ಬಂದು ಕೂಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ತಿಳಿಯುವುದಿಲ್ಲ, ಒಂದು ಕೂಗು ಮುಗಿಯುವ ಮೊದಲೇ ಹಿಂದಿನದರ ಮಾರ್ದನಿ ಅದರ ಮೇಲೆ ಬೀಳುತ್ತಿರುತ್ತದೆ. 1656ರಲ್ಲಿ ಮುಗಿದ ಆ ಕಟ್ಟಡದಲ್ಲಿ ಸದ್ದನ್ನು ಹೀರುವಂಥದ್ದು ಏನೂ ಇಲ್ಲ, ಎಲ್ಲವೂ ಗಟ್ಟಿ ಗಾರೆ, ಕಲ್ಲು. ನಮ್ಮ ಮನೆಗಳೂ ಸಣ್ಣ ಗುಮ್ಮಟಗಳೇ. ಕೆಳಗೆ ಫರಸಿ, ಸುತ್ತ ನುಣುಪಾದ ಗೋಡೆ, ಮೇಲೆ ಕಾಂಕ್ರೀಟು. ನವನಗರದ ತಂಗಿಯ ಮನೆಯಲ್ಲಂತೂ ಗಾಜಿನಂಥ ಟೈಲ್ಸ್; ಚಪ್ಪಾಳೆ ತಟ್ಟಿದರೆ "ಟಣ್" ಎಂದು ತಿರುಗಿ ಬರುತ್ತಿತ್ತು.

ಈ ಚಪ್ಪಾಳೆಯೇ ಪರೀಕ್ಷೆ. ಕೂರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ತಟ್ಟಿ. ಸದ್ದು ತಟ್ಟನೆ ಸತ್ತರೆ ಕೋಣೆ ಚೆನ್ನಾಗಿದೆ. ಬಾಲ ಎಳೆದರೆ ಮಾಡಬೇಕಾದದ್ದು ಇಷ್ಟು: ಟಿವಿಯ ಮುಂದಿನ ನೆಲಕ್ಕೆ ಜಮಖಾನೆ ಹಾಸಿ, ಟಿವಿಗೆ ಎದುರಾದ ಗೋಡೆಯಲ್ಲಿ, ಅಂದರೆ ನಿಮ್ಮ ಬೆನ್ನ ಹಿಂದೆ, ಎರಡು ಮೊಳೆಗೆ ಒಂದು ದಪ್ಪ ಕೌದಿ ತೂಗುಬಿಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯಷ್ಟು ಒಳ್ಳೆಯ ಸದ್ದುಹೀರುಕ ಅಂಗಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟರೂ ಸುಲಭವಾಗಿ ಸಿಗದು. ಗೋಡೆಗೆ ಒತ್ತಿ ಕಟ್ಟದೆ ಎರಡು ಬೆರಳು ಸಂದು ಬಿಟ್ಟರೆ ಇನ್ನೂ ಚೆನ್ನಾಗಿ ಹೀರುತ್ತದೆ. ಅಮ್ಮ ಹೊಲಿದ ಚೌಕುಳಿ ಕೌದಿಯನ್ನು ತಂಗಿ ಚಿತ್ರಪಟದಂತೆ ತೂಗುಹಾಕಿದ್ದಾಳೆ. ಬಂದವರು ಅಲಂಕಾರವೆಂದೇ ತಿಳಿಯುತ್ತಾರೆ.

ಸೌಂಡ್‌ಬಾರ್ ಕೊಳ್ಳಬೇಕೇ? ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ ಕೊಳ್ಳಿ. ಕೊಳ್ಳುವಾಗ ವ್ಯಾಟ್ ಎಷ್ಟೆಂದು ಕೇಳುವುದಕ್ಕಿಂತ ನಡುವಿನ ಸ್ಪೀಕರ್ ಇದೆಯೇ ಎಂದು ಕೇಳಿ, ಏಕೆಂದರೆ ಮಾತು ಬರುವುದು ಅದರಿಂದ. ಟಿವಿಯ ಹಿಂದೆ 'ಎಆರ್‌ಸಿ' ಎಂದು ಬರೆದ ಎಚ್‌ಡಿಎಂಐ ಕಿಂಡಿಗೇ ವೈರ್ ಜೋಡಿಸಿ. ಬ್ಲೂಟೂತ್‌ನಲ್ಲಿ ಜೋಡಿಸಿದರೆ ತುಟಿ ಅಲುಗಿದ ಮೇಲೆ ಮಾತು ಬರುವ ಪಿಡುಗು ಅಂಟಿಕೊಳ್ಳಬಹುದು.

ಕತ್ತಲೆ, ದೂರ, ಚಿತ್ರ

ನಮ್ಮ ಬಿಸಿಲಿಗೆ ಕಿಟಕಿಯ ತೆಳು ಪರದೆ ಲೆಕ್ಕಕ್ಕೇ ಇಲ್ಲ. ಹಗಲು ಹೊತ್ತು ನೋಡುವುದಾದರೆ ಟಿವಿಗೆ ಎದುರಾದ ಕಿಟಕಿಗೆ ಕರಿ ಕಂಬಳಿ ಕಟ್ಟಿ. ಕುರುಬರು ನೇಯ್ದ ಕಂಬಳಿ ಬೆಳಕನ್ನೂ ತಡೆಯುತ್ತದೆ, ಸದ್ದನ್ನೂ ಹೀರುತ್ತದೆ, ಮಟಮಟ ಮಧ್ಯಾಹ್ನದ ಝಳವನ್ನೂ ಹೊರಗೇ ನಿಲ್ಲಿಸುತ್ತದೆ. ಪೂರ್ತಿ ಕತ್ತಲಲ್ಲಿ ಟಿವಿ ನೋಡಿದರೆ ಕಣ್ಣು ನೋಯುವವರು ಟಿವಿಯ ಹಿಂಬದಿಗೆ ಒಂದು ಮಂದ ದೀಪ ಹಚ್ಚಿಕೊಳ್ಳಲಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಬೇಡವೇ ಬೇಡ.

ದೂರಕ್ಕೆ ಸುಲಭ ಲೆಕ್ಕ: ಟಿವಿಯ ಇಂಚನ್ನು 1.6ರಿಂದ ಗುಣಿಸಿ, ಬಂದದ್ದು ಇಂಚಿನಲ್ಲಿ ದೂರ; 12ರಿಂದ ಭಾಗಿಸಿದರೆ ಅಡಿ. 43 ಇಂಚಿಗೆ ಸುಮಾರು ಐದೂಮುಕ್ಕಾಲು ಅಡಿ, 55 ಇಂಚಿಗೆ ಏಳೂಕಾಲು ಅಡಿ. ಆ ದೂರದಲ್ಲಿ ಕೂತರೆ ಚಿತ್ರ ಕಣ್ಣನ್ನು ಸಿನಿಮಾದ ಅಳತೆಯಲ್ಲಿ ತುಂಬುತ್ತದೆ. ನಮ್ಮ ಪಡಸಾಲೆಗಳಲ್ಲಿ ಟಿವಿ ಒಂದು ಗೋಡೆಗೆ, ಸೋಫಾ ಹನ್ನೆರಡು ಅಡಿ ಆಚೆಯ ಗೋಡೆಗೆ ಒರಗಿರುತ್ತದೆ. "ಟಿವಿ ಸಣ್ಣದಾಯಿತು" ಎಂದು ಕಾಕಾ ಹೊಸದಕ್ಕೆ ದುಡ್ಡು ಜೋಡಿಸುತ್ತಿದ್ದರು. ಸೋಫಾ ಬಿಟ್ಟು ಜಮಖಾನೆಯ ಮೇಲೆ, ಲೋಡಿಗೆ ಒರಗಿ, ಐದಾರು ಅಡಿ ಮುಂದೆ ಕೂರಿಸಿದೆ. ಹೊಸ ಟಿವಿಯ ಮಾತು ಅಲ್ಲಿಗೆ ನಿಂತಿತು. ಟಿವಿಯನ್ನು ಸೂರಿನ ಹತ್ತಿರ, ದೇವರ ಪಟದ ಸಾಲಿಗೆ ತೂಗುಹಾಕುವ ರೂಢಿಯನ್ನಂತೂ ಬಿಡಬೇಕು. ಚಿತ್ರದ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ, ಇಲ್ಲವಾದರೆ ಮಧ್ಯಂತರದ ಹೊತ್ತಿಗೆ ಕತ್ತು ಹಿಡಿದಿರುತ್ತದೆ.

ಚಿತ್ರದ ಮೆನುವಿನಲ್ಲಿ ಮಾಡಬೇಕಾದದ್ದು ನಾಲ್ಕು. ಪಿಕ್ಚರ್ ಮೋಡ್ 'ವಿವಿಡ್' ಅಥವಾ 'ಡೈನಮಿಕ್' ಇದ್ದರೆ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಎಂದಿರುವುದಕ್ಕೆ ಬದಲಿಸಿ. ಮೊದಲ ದಿನ ಎಲ್ಲವೂ ಹಳದಿ ಎನಿಸುತ್ತದೆ. ಮನೆಯವರು ಬೈಯುತ್ತಾರೆ. ಎರಡು ದಿನ ತಡೆಯಿರಿ. ಆಮೇಲೆ ಹಳೆಯದಕ್ಕೆ ತಿರುಗಿಸಿ ತೋರಿಸಿದರೆ ನಾಯಕನ ಮುಖ ನೀಲಿ ಹಚ್ಚಿದಂತೆ ಕಾಣುತ್ತದೆ. ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚಿತ್ರಗಳಂತೆ. ಟಿವಿ ತನ್ನ ಜಾಣತನ ಮೆರೆದು ಎರಡು ಚಿತ್ರಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಹೊಸೆದು ಸೇರಿಸುತ್ತದೆ. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಸಂಜೆಯ ಧಾರಾವಾಹಿಯಂತೆ ಜಾರುವುದು ಅದಕ್ಕೇ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನ ಹಲವು ಟಿವಿಗಳಲ್ಲಿ ಆಟೋ ಮೋಷನ್ ಪ್ಲಸ್. ಹುಡುಕಿ ಬಂದ್ ಮಾಡಿ. ಕ್ರಿಕೆಟ್ಟಿಗೆ ಬೇಕಾದರೆ ಮತ್ತೆ ಹಚ್ಚಿಕೊಳ್ಳಿ. ನಾಲ್ಕನೆಯದು, ಮೇಲೆ ಕೆಳಗೆ ಕಾಣುವ ಕಪ್ಪು ಪಟ್ಟಿ ದೋಷವಲ್ಲ. ಅಗಲ ಪರದೆಯ ಸಿನಿಮಾದ ಅಗಲ ಎತ್ತರದ 2.39 ಪಟ್ಟು, ಟಿವಿಯದು 1.78 ಪಟ್ಟು. ಪಟ್ಟಿ ಹೋಗಲೆಂದು ಝೂಮ್ ಮಾಡಿದರೆ ಚಿತ್ರದ ನಾಲ್ಕರಲ್ಲಿ ಒಂದು ಪಾಲು ಎಡಬಲಗಳಲ್ಲಿ ಕತ್ತರಿಸಿಹೋಗುತ್ತದೆ. ಮಾತನಾಡುತ್ತಿರುವವರಲ್ಲಿ ಒಬ್ಬರು ಪರದೆಯಾಚೆ ಇರುತ್ತಾರೆ.

ಇಂಟರ್‌ನೆಟ್ಟಿನ ವೇಗ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಇದ್ದರೆ ನಡೆಯುತ್ತದೆ, 4ಕೆಗೆ 15ರಿಂದ 25 ಬೇಕು. ಕರೆಂಟ್ ಹೋದಾಗ ಟಿವಿ ಇನ್ವರ್ಟರಿನಲ್ಲಿ ಓಡುತ್ತಿದ್ದು ಸಿನಿಮಾ ಮಾತ್ರ ನಿಂತರೆ, ರೌಟರಿನ ಪ್ಲಗ್ ಯಾವ ಲೈನಿನಲ್ಲಿದೆ ಎಂದು ನೋಡಿ. ನಾವು ಒಂದು ವರ್ಷ ಕಂಪನಿಯವರನ್ನು ಬೈದುಕೊಂಡಿದ್ದೆವು. ರೌಟರ್ ಇನ್ವರ್ಟರಿಗೆ ಸೇರಿರಲೇ ಇಲ್ಲ.

ನೋಡುವವರ ಕೆಲಸ

ಥಿಯೇಟರಿನಲ್ಲಿ ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿಲ್ಲ. ಮನೆಯಲ್ಲಿದೆ, ಅದೇ ಕೇಡು. ಹಾಲು ಬಂದಿತೆಂದು ಒಮ್ಮೆ, ಫೋನ್ ಬಂದಿತೆಂದು ಒಮ್ಮೆ ನಿಲ್ಲಿಸಿ, ಉಳಿದದ್ದು ನಾಳೆ ಎಂದು ಎದ್ದು, ಒಂದು ಸಿನಿಮಾವನ್ನು ಮೂರು ದಿನ ನೋಡುವವರಿದ್ದಾರೆ. ನಮ್ಮ ಸಿನಿಮಾಗಳಿಗೆ ಮಧ್ಯಂತರವಿದೆ, ಚಿತ್ರಕಥೆ ಬರೆಯುವವರು ಅದನ್ನು ಲೆಕ್ಕಹಾಕಿಯೇ ಅದಕ್ಕೆ ಮೊದಲು ಒಂದು ಗಂಟು ಹಾಕಿರುತ್ತಾರೆ. ಆಪ್‌ನಲ್ಲಿ 'ವಿರಾಮ' ಎಂಬ ಅಕ್ಷರ ಕೆಲವೊಮ್ಮೆ ಕತ್ತರಿಸಿರುತ್ತಾರೆ, ಆದರೂ ಅರ್ಧದ ಆಸುಪಾಸಿನಲ್ಲಿ ಗಂಟು ಬಿದ್ದದ್ದು ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ. ಹದಿನೈದು ನಿಮಿಷ, ಚಹಾ, ಬಚ್ಚಲು, ಜಗಳ ಎಲ್ಲ ಅಲ್ಲೇ. ಮುಂಚೆ ಇಲ್ಲ, ಆಮೇಲೆ ಇಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಕೂಡ ಇದಕ್ಕೆ ಒಗ್ಗಿಕೊಂಡಿದ್ದಾರೆ.

ಮೊಬೈಲುಗಳು ರೊಟ್ಟಿ ಬುಟ್ಟಿಗೆ. ಬುಟ್ಟಿಯ ಮೇಲೆ ಮುಚ್ಚಳ. ತಿನ್ನಲು ಏನು ಎಂಬುದಕ್ಕೂ ನಿಯಮ ಮಾಡಿಕೊಂಡಿದ್ದೇವೆ: ಕಡಕ್ ರೊಟ್ಟಿಗೆ ನಿಷೇಧ. ಒಬ್ಬರು ಮುರಿದರೆ ಒಂದು ಸಂಭಾಷಣೆ ಹೋಯಿತು, ಆರು ಜನ ಮುರಿದರೆ ಕಥೆಯೇ ಹೋಯಿತು. ಸಿಪ್ಪೆ ಸುಲಿಯುವ ಶೇಂಗಾಕ್ಕೂ ಅದೇ ಶಿಕ್ಷೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡಿದ ಚುರುಮುರಿಗೆ ಅಭ್ಯಂತರವಿಲ್ಲ, ಮಿರ್ಚಿ ಭಜಿ ಮಧ್ಯಂತರಕ್ಕೆ.

ಡಬ್ಬಿಂಗ್ ಬೇಕೋ ಮೂಲ ಭಾಷೆಯೋ ಎಂಬ ಜಗಳಕ್ಕೆ ನನ್ನ ತೀರ್ಪು ಸರಳ. ಓದಲು ಬಾರದವರು, ಕಣ್ಣು ಮಂಜಾದವರು ಒಬ್ಬರಿದ್ದರೂ ಕನ್ನಡ ಡಬ್ಬಿಂಗ್. ಇಲ್ಲವಾದರೆ ಮೂಲ ಧ್ವನಿಯೇ ಇರಲಿ, ಅಡಿಬರಹ ಓದಿಕೊಳ್ಳೋಣ. ಕನ್ನಡ ಸಿನಿಮಾಕ್ಕೂ ಅಡಿಬರಹ ಹಚ್ಚಿಕೊಳ್ಳುವ ಹುಡುಗರನ್ನು ಕಂಡು ಮುತ್ಯಾ ನಗುತ್ತಾರೆ. ಧ್ವನಿ ಸರಿಯಿಲ್ಲದ ಟಿವಿಯಲ್ಲಿ ಅದು ನಗುವ ವಿಷಯವಲ್ಲ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ

ಏಪ್ರಿಲ್, ಮೇ ತಿಂಗಳಲ್ಲಿ ನಾವು ಮಲಗುವುದೇ ಮಾಳಿಗೆಯ ಮೇಲೆ. ಅಲ್ಲೇ ಸಿನಿಮಾ ಏಕಾಗಬಾರದು ಎಂದು ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದು ಪ್ರೊಜೆಕ್ಟರ್ ತರಿಸಿದೆ. ಡಬ್ಬಿಯ ಮೇಲೆ 9000 ಲುಮೆನ್, 4ಕೆ ಎಂದಿತ್ತು. ಸಂಜೆ ಏಳಕ್ಕೆ ಹಚ್ಚಿದರೆ ನಾಯಕನೂ ಖಳನೂ ಒಂದೇ ಬಣ್ಣದ ನೆರಳು. ಡಬ್ಬಿಯ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ 'ನೇಟಿವ್ 480' ಎಂದಿದ್ದದ್ದು ಆಮೇಲೆ ಕಂಡಿತು. ಅಂದರೆ 4ಕೆ ಸಿನಿಮಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ತೋರಿಸುವುದು ಮಾತ್ರ ಹಳೆಯ ಡಿವಿಡಿಯ ಮಟ್ಟದಲ್ಲಿ. ಮರಳಿಸುವ ಗಡುವು ಮುಗಿದಿತ್ತು.

ಆದ್ದರಿಂದ ಕೊಳ್ಳುವವರು ಎರಡೇ ಪದ ಹುಡುಕಿ: ನೇಟಿವ್ ರೆಸಲ್ಯೂಷನ್ 1080 ಇರಬೇಕು, ಬೆಳಕಿನ ಅಳತೆ 'ಆನ್ಸಿ ಲುಮೆನ್' ಎಂದೇ ಬರೆದಿರಬೇಕು. ಬರೀ ಲುಮೆನ್ ಎಂದು ಬರೆದ ಸಾವಿರಗಳನ್ನು ನಂಬಬೇಡಿ. ಏಳು ಅಡಿ ಅಗಲದ ಒಳ್ಳೆಯ ಬಿಳಿ ಪರದೆಗೆ ಪೂರ್ತಿ ಕತ್ತಲಲ್ಲಿ ಸುಮಾರು 400 ಆನ್ಸಿ ಲುಮೆನ್ ಬಿದ್ದರೆ ಥಿಯೇಟರಿನ ಹೊಳಪಿಗೆ ಸಮ. ಓಣಿಯ ದೀಪದ ಬೆಳಕು ಮಾಳಿಗೆಗೆ ಬರುವವರು ಇದರ ಎರಡರಷ್ಟು ಇಟ್ಟುಕೊಳ್ಳಿ. ಪರದೆಗೆ ಚಾದರ ಕಟ್ಟುವುದು ಸುಲಭ, ಆದರೆ ಅರ್ಧ ಬೆಳಕು ಅದನ್ನು ತೂರಿ ಪಕ್ಕದ ಮನೆಯ ಗೋಡೆಯ ಮೇಲೆ ಸಿನಿಮಾ ತೋರಿಸುತ್ತದೆ. ಮೆಟ್ಟಿಲ ಕೋಣೆಯ ಗೋಡೆಗೆ ಬಿಳಿ ಸುಣ್ಣ ಹೊಡೆದರೆ ಅದಕ್ಕಿಂತ ಒಳ್ಳೆಯ ಪರದೆ ಬೇಡ. ಉಬ್ಬು ತಗ್ಗು ಇರದಂತೆ ಮೊದಲು ನುಣುಪು ಮಾಡಿಸಿ.

ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ. ಏಳೂಮುಕ್ಕಾಲಿಗೆ ಮುಂಚೆ ಹಚ್ಚುವ ಆಸೆ ಬೇಡ. ಮಾಳಿಗೆಗೆ ಸಂಜೆಯೇ ನೀರು ಹೊಡೆದು ಝಳ ಇಳಿಸಿ, ಅದು ಒಣಗಿದ ಮೇಲೆ ವೈರ್ ಎಳೆಯಿರಿ. ಬಯಲಿನಲ್ಲಿ ಮಾರ್ದನಿಯ ಕಾಟವಿಲ್ಲ, ಹಾಗೆಯೇ ಸದ್ದನ್ನು ಹಿಡಿದಿಡುವ ಗೋಡೆಯೂ ಇಲ್ಲ. ಸ್ಪೀಕರನ್ನು ಪರದೆಯ ಕೆಳಗೆ ನಟ್ಟನಡುವೆ, ಒಂದು ಸ್ಟೂಲಿನ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ ಇಡಿ. ಥಿಯೇಟರಿನ ನಡು ಸ್ಪೀಕರಿನ ಉಪಾಯವೇ ಇದು. ಹತ್ತು ಗಂಟೆಯ ನಂತರ ಅಕ್ಕಪಕ್ಕದವರಿಗಾಗಿ ಇಳಿಸಿ. ಅಥವಾ ಅವರನ್ನೂ ಕರೆಯಿರಿ, ಆಗ ದೂರುವವರಿರುವುದಿಲ್ಲ. ಮನೆಯವರು, ನಂಟರು ಕೂತು ನೋಡುವುದು ಬೇರೆ. ಓಣಿಗೆಲ್ಲ ಸಾರಿ, ಟಿಕೆಟ್ ಇಟ್ಟು ತೋರಿಸುವುದು ಬೇರೆ. ಆಪ್‌ಗೆ ಕಟ್ಟಿದ ಚಂದಾ ಎರಡನೆಯದಕ್ಕೆ ಒದಗುವುದಿಲ್ಲ, ಅದಕ್ಕೆ ಸಿನಿಮಾದ ಹಕ್ಕುದಾರರ ಅನುಮತಿ ಬೇಕು.

ಬೇಸಿಗೆಯ ಮಳೆ ಹೇಳಿ ಬರುವುದಿಲ್ಲ. ಮೊದಲು ಧೂಳಿನ ವಾಸನೆ ಬರುತ್ತದೆ, ಆಮೇಲೆ ಗಾಳಿ. ವಾಸನೆ ಬಂದ ಕೂಡಲೇ ಪ್ಲಗ್ ಕಿತ್ತು, ಪ್ರೊಜೆಕ್ಟರನ್ನು ಒಳಗೆ ಸಾಗಿಸಿ, ನಂತರ ಸ್ಪೀಕರು, ನಂತರ ವೈರು. ಮಕ್ಕಳು ತಾವಾಗಿ ಇಳಿಯುತ್ತಾರೆ. ಕೌದಿಗಳನ್ನು ಮಾತ್ರ ಯಾರಾದರೂ ಒಬ್ಬರಿಗೆ ಮೊದಲೇ ಒಪ್ಪಿಸಿಡಿ, ನೆನೆದ ಕೌದಿ ಎರಡು ದಿನವಾದರೂ ಒಣಗುವುದಿಲ್ಲ, ಆ ರಾತ್ರಿ ಹೊದೆಯಲು ಬೇಕಾದವೂ ಅವೇ.